ಇಡೀ ಅಂಗೈ

ಫೆಬ್ರವರಿ 4
ಧ್ವನಿ ಸಂದೇಶ, ಪಾಳಿಗೆ ಹೊರಡೋ ಮುಂಚೆ

ಏನಮ್ಮ ಗಡಿಯಾರದ ಡಾಕ್ಟ್ರೇ, ಎದ್ದಿದೀಯಾ? ಮಲಗಿದ್ರೆ ಬೆಳಗ್ಗೆ ಕೇಳು. ನಾನು ಮೆಟ್ಟಿಲ ಮೇಲೆ ಕೂತು ಮಾತಾಡ್ತಿದೀನಿ. ಒಳಗೆ ರೂಮಲ್ಲಿ ಇಬ್ರು ಗೊರಕೆ ಹೊಡೀತಿದಾರೆ, ಒಬ್ಬ ಶ್ರುತಿ ಹಿಡಿದ್ರೆ ಇನ್ನೊಬ್ಬ ತಾಳ ಹಾಕ್ತಾನೆ.

ಇವತ್ತು ಭುಜದ ನೋವಿಗೆ ಕ್ಲಿನಿಕ್ಕಿಗೆ ಹೋಗಿದ್ದೆ. ದಿನಕ್ಕೆ ಅಷ್ಟು ಹಿಟ್ಟು ನಾದಿದ್ರೆ ಭುಜ ಇನ್ನೇನಾಗುತ್ತೆ. ಅಲ್ಲಿ ಗೋಡೆ ಮೇಲೆ ದೊಡ್ಡ ಚಿತ್ರ ಹಾಕಿದ್ರು, ಕೂಸಿಗೆ ಮೈ ನೀವೋದು ಹೇಗೆ ಅಂತ. ನಿಂತು ಓದ್ದೆ. ನನ್ನ ನಂಬರ್ ಕೂಗಿದ್ದೂ ಕೇಳಿಸ್ಲಿಲ್ಲ. ದಿನಾ ಹತ್ತು ನಿಮಿಷ ಮೈ ನೀವಿದ್ರೆ ಕೂಸಿಗೆ ನಿದ್ದೆ ಚೆನ್ನಾಗಿ ಬರುತ್ತಂತೆ, ಹೊಟ್ಟೇಲಿ ಕಟ್ಟಿರೋ ಗಾಳಿ ಸಡಿಲ ಆಗುತ್ತಂತೆ, ಬೇಗ ಹುಟ್ಟಿರೋ ಕೂಸುಗಳ ತೂಕ ಏರೋಕೂ ಒಳ್ಳೇದಂತೆ. ಅಷ್ಟೇ ಅಲ್ಲ, ನೀವೋರಿಗೂ ಒಳ್ಳೇದಂತೆ. ಅಪ್ಪ ಅಮ್ಮನ ಗಾಬರಿ ಇಳಿಯುತ್ತಂತೆ. ಆ ಸಾಲು ಓದಿ ನಕ್ಕುಬಿಟ್ಟೆ. ನನ್ನ ಗಾಬರಿ ಇಳಿಸೋ ಎಣ್ಣೆ ಯಾವ ಗಾಣದಲ್ಲಿ ತೆಗೀತಾರೋ.

ಫೋಟೋ ತಕ್ಕೊಂಡಿದೀನಿ. ಆದ್ರೆ ಅದ್ರಲ್ಲಿ ಏನು ಬರೆದಿದ್ರೂ ನೀನು ನಾನು ಹೇಳಿದಂಗೆ ಮಾಡು. ಹಗುರವಾಗಿ. ಬೆರಳ ತುದೀಲಿ ಮಾತ್ರ, ಲಟ್ಟಿಸೋ ಮುಂಚೆ ಹಲಗೆ ಮೇಲೆ ಹಿಟ್ಟು ಉದುರಿಸ್ತೀವಲ್ಲ, ಅಷ್ಟೇ ಹಗುರ. ಒಂದು ಕಿಲೋ ಆರುನೂರು ಗ್ರಾಂ ಹುಟ್ಟಿದ ಜೀವ ಅದು. ನಾನು ಈ ಊರಿಗೆ ಹೊರಡೋ ದಿನ ಎದೆ ಮೇಲೆ ಒಂದ್ನಿಮಿಷ ಮಲಗಿಸ್ಕೊಳ್ಳೋಕೂ ಆಸ್ಪತ್ರೆ ನರ್ಸಮ್ಮ ಬಿಡ್ಲಿಲ್ಲವಲ್ಲ, ಅಷ್ಟು ನಾಜೂಕು ಮಗಳು, ನಮ್ಮ ಸಾಸಿವೆ.

ನಾನೂ ಅಭ್ಯಾಸ ಮಾಡ್ತಿದೀನಿ, ನಗಬೇಡ. ನಿನ್ನೆ ಅವಳಷ್ಟೇ ತೂಕದ ಹಿಟ್ಟಿನ ಮುದ್ದೆ ಇಟ್ಕೊಂಡು ಸವರ್ತಾ ಇದ್ದೆ. ಬೇಕರಿ ಮೇಸ್ತ್ರಿ ಬಂದು ಹಿಂದೆ ನಿಂತ್ಕೊಂಡು, "ಏನಯ್ಯ, ಅದು ಬೆಳಗ್ಗೆ ಬ್ರೆಡ್ ಆಗ್ಬೇಕು, ಅದನ್ನ ಯಾಕೆ ಲಾಲಿ ಹಾಡಿ ಮಲಗಿಸ್ತಿದೀಯ" ಅಂದ.

ತೂಕ ಎಷ್ಟಾಯ್ತು, ಬರಿ.

---

ಫೆಬ್ರವರಿ 7
ಕಾಗದ, ಫೋಟೋ ತೆಗೆದು ಕಳಿಸಿದ್ದು

ನಿನ್ನ ಸಂದೇಶ ಮೂರು ಸಲ ಕೇಳಿದೆ. ನಾನು ಮಾತಾಡಿ ಕಳಿಸುವುದಿಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡ. ಮನೆ ಸಣ್ಣದು, ಮಾತಾಡಿದರೆ ಅವಳು ಏಳುತ್ತಾಳೆ.

ಮೂರು ಕಿಲೋ ನಾನೂರು ಗ್ರಾಂ. ಚೆನ್ನಾಗಿದ್ದಾಳೆ. ಅಳುವುದು ಕಡಿಮೆಯಾಗಿದೆ, ಈಗ ತಾನಾಗಿಯೇ ಮಲಗುತ್ತಾಳೆ. ನೀನು ಹೇಳಿದ ಹಾಗೆ ಬೆರಳ ತುದಿಯಲ್ಲಿ ಎಣ್ಣೆ ಸವರಿದೆ. ಅವಳಿಗೆ ಹಿಡಿಸಿತು.

ಗಡಿಯಾರದಂಗಡಿಯ ಯಜಮಾನರು ಆರು ಗಡಿಯಾರ ರಿಪೇರಿಗೆಂದು ಮನೆಗೇ ಕಳಿಸಿದ್ದಾರೆ. ಕಿಟಕಿ ಹತ್ತಿರ ಮೇಜು ಹಾಕಿಕೊಂಡು ಮಾಡುತ್ತಿದ್ದೇನೆ. ಕೈಗೆ ಹಚ್ಚುವ ಮುಲಾಮು ಮುಗಿದಿದೆ. ಚಳಿಗೆ ಚರ್ಮ ಒಡೆದಿದೆ, ಅಷ್ಟೇ.

ನೀನು ಭುಜ ನೋಡಿಕೋ.

---

ಫೆಬ್ರವರಿ 8
ಧ್ವನಿ ಸಂದೇಶ

ತಾನಾಗಿಯೇ ಮಲಗ್ತಾಳಾ? ನಿಜವಾಗ್ಲೂ? ನೋಡ್ದೆಯಾ, ಎಣ್ಣೆ ಕೆಲಸ ಮಾಡ್ತು. ಮೇಸ್ತ್ರಿಗೆ ಹೇಳ್ದೆ. ನಾಲ್ಕು ಮಕ್ಕಳ ಅಪ್ಪ ಅವನು, ಒಂದು ಥರ ಹುಬ್ಬು ಏರಿಸ್ದ. "ಮೂರೂವರೆ ತಿಂಗಳ ಕೂಸು ತಾನಾಗಿ ಮಲಗುತ್ತಾ? ನಿನ್ನ ಹೆಂಡ್ತೀನ ನಮ್ಮನೆಗೆ ಕಳಿಸು, ಪಾಠ ಹೇಳ್ಲಿ" ಅಂದ. ಹೊಟ್ಟೆಕಿಚ್ಚು.

ಹಿಡಿಸಿತು ಅಂತ ಒಂದೇ ಮಾತು ಬರೆದ್ರೆ ಹೆಂಗೆ? ನಕ್ಕಳಾ? ಕಾಲು ಒದ್ದಳಾ? ಕಣ್ಣು ನಿನ್ನ ಮೇಲಿತ್ತಾ? ನೀವೋವಾಗ ಒಂದು ವಿಡಿಯೋ ಮಾಡಿ ಕಳಿಸು. ಅರ್ಧ ನಿಮಿಷ ಸಾಕು. ನಿನ್ನ ಕೈ ಕಾಣಿಸ್ಬೇಕು, ಅವಳ ಹೊಟ್ಟೆ ಕಾಣಿಸ್ಬೇಕು.

ನಂಗೇನು ಭಯ ಗೊತ್ತಾ? ನಾನು ಬರೋ ಹೊತ್ತಿಗೆ ಅವಳಿಗೆ ನಾನು ಯಾರೋ ದಾರಿಹೋಕ ಆಗಿರ್ತೀನಿ. ಆಸ್ಪತ್ರೇಲಿ ಆ ಗಾಜಿನ ಪೆಟ್ಟಿಗೆ ತೂತಿನಿಂದ ಒಂದು ಬೆರಳು ತೂರಿಸಿ ಪಾದ ಮುಟ್ಟಿದ್ದೆ, ಅಷ್ಟೇ ನಮ್ಮ ಪರಿಚಯ. ಅದಕ್ಕೇ ಹೇಳ್ತಿರೋದು, ನನ್ನ ಪಾಲಿಂದೂ ನೀನೇ ಮೈ ನೀವು. ನಿಂಗೇನು ಕಷ್ಟ, ತಲೆಗೂದಲಿಗಿಂತ ಸಣ್ಣ ಸ್ಪ್ರಿಂಗ್ ಕೂರಿಸೋ ಕೈ.

---

ಫೆಬ್ರವರಿ 15
ಕಾಗದ

ಈ ವಾರ ನಲವತ್ತು ಗ್ರಾಂ ಮಾತ್ರ ಏರಿದ್ದಾಳೆ. ಹೀಗೂ ಆಗುತ್ತದೆ, ಇಪ್ಪತ್ತೆಂಟನೇ ತಾರೀಕು ಮತ್ತೆ ಕರೆದುಕೊಂಡು ಬಾ ಎಂದರು ಆರೋಗ್ಯ ಕೇಂದ್ರದ ನರ್ಸಮ್ಮ.

ವಿಡಿಯೋ ಕಳಿಸಲು ಆಗಲಿಲ್ಲ. ಎರಡೂ ಕೈ ಬೇಕಲ್ಲ, ಫೋನು ಹಿಡಿಯುವವರು ಯಾರು.

ಅಕ್ಕ ಬಂದು ಎರಡು ದಿನ ಇದ್ದು ಹೋದಳು.

---

ಫೆಬ್ರವರಿ 15
ಧ್ವನಿ ಸಂದೇಶ

ನಲವತ್ತಾ? ನಮ್ಮ ಬನ್ನೇ ಅರವತ್ತು ಗ್ರಾಂ ತೂಗುತ್ತೆ. ವಾರವಿಡೀ ಹಾಲು ಕುಡಿದು ಒಂದು ಬನ್ನಿನಷ್ಟೂ ಏರ್ಲಿಲ್ವಾ? ಹಾಲು ಕಕ್ತಾಳಾ? ನರ್ಸಮ್ಮ ಮುಖ ಹೆಂಗಿಟ್ಕೊಂಡು ಹೇಳಿದ್ರು? ಫೋನ್ ತಗೋ, ಮಾಡ್ತೀನಿ.

---

ಫೆಬ್ರವರಿ 17
ಧ್ವನಿ ಸಂದೇಶ

ನಾಲ್ಕು ಸಲ ಮಾಡ್ದೆ. ತಗೊಳ್ತಿಲ್ಲ. ನಿನ್ನ ಕಾಗದಾನ ದೊಡ್ಡದು ಮಾಡಿ ಮಾಡಿ ನೋಡ್ತಿದೀನಿ. ಮೊದಲಿನ ಕಾಗದದಲ್ಲಿ ಅಕ್ಷರ ನೆಟ್ಟಗಿದೆ, "ಅವಳಿಗೆ ಹಿಡಿಸಿತು" ಅನ್ನೋ ಹತ್ರ ಮಾತ್ರ ಬಲಕ್ಕೆ ವಾಲಿದೆ. ಏನೂ ಇಲ್ದೇ ಇರ್ಬಹುದು. ಪೆನ್ನು ಜಾರಿರ್ಬಹುದು. ನಿನ್ನೆ ಯೋಚನೇಲಿ ಎರಡು ತಟ್ಟೆ ಬ್ರೆಡ್ ಕರಕಲು ಮಾಡ್ದೆ. ಒಂದು ಸಾಲು ಬರಿ.

---

ಫೆಬ್ರವರಿ 20
ಧ್ವನಿ ಸಂದೇಶ

ನಿಮ್ಮಕ್ಕಂಗೆ ಫೋನ್ ಮಾಡಿದ್ದೆ. ಹೊಲಿಗೆ ಮಿಷನ್ ತುಳೀತಾನೇ ಮಾತಾಡಿದ್ಲು. "ಮಾರ್ಚ್ ಒಂದಕ್ಕೆ ಬಂದು ಕೂಸನ್ನ ಕರ್ಕೊಂಡು ಹೋಗ್ತೀನಪ್ಪ, ಒಂದು ವರ್ಷ ನನ್ನ ಹತ್ರ ಇರ್ಲಿ, ತೊಟ್ಟಿಲಿಗೆ ಬಟ್ಟೆನೂ ಹೊಲಿದಿಟ್ಟಿದೀನಿ. ಯಾಕೆ, ನಿಂಗೆ ಗೊತ್ತಿಲ್ವಾ?" ಅಂದ್ಲು. ನಾನು ಗೊತ್ತು ಅಂದೆ. ಗೊತ್ತಿಲ್ಲ ಅಂತ ಹೇಳೋಕೆ ನಾಚಿಕೆ ಆಯ್ತು.

ನನ್ನ ಮಗಳನ್ನ ಬೇರೆ ಊರಿಗೆ ಕೊಡೋ ವಿಷಯ ನಂಗೆ ಮಿಷನ್ ಸದ್ದಿನ ಮಧ್ಯೆ ಗೊತ್ತಾಗ್ಬೇಕಾ? ಆರು ಗಡಿಯಾರ ನೋಡ್ಕೊಳ್ಳೋಕೆ ಪುರುಸೊತ್ತಿದೆ, ಒಂದು ಕೂಸು ನೋಡ್ಕೊಳ್ಳೋಕೆ ಆಗಲ್ವಾ? ಹೆತ್ತೋಳು ನೀನು ತಾನೇ?

---

ಫೆಬ್ರವರಿ 21
ಧ್ವನಿ ಸಂದೇಶ

ನಿನ್ನೆದು ಅಳಿಸೋಣ ಅಂದ್ಕೊಂಡೆ. ನೀನು ಆಗ್ಲೇ ಕೇಳ್ಬಿಟ್ಟಿದೀಯ, ಗುರುತು ಬಂದಿದೆ. ಆಡಬಾರದ ಮಾತು ಆಡ್ದೆ.

ಒಂದು ವಿಷಯ ಹೇಳ್ಬೇಕು. ನಾಲ್ಕು ತಿಂಗಳಿಂದ ಬಚ್ಚಿಟ್ಟಿದೀನಿ. ನಾನು ಹೊರಟ ದಿನ ಆಸ್ಪತ್ರೆ ನರ್ಸಮ್ಮ ಬಿಡ್ಲಿಲ್ಲ ಅಂದಿದ್ದೆನಲ್ಲ, ಅದು ಸುಳ್ಳು. ಅವರು ಬಿಟ್ಟಿದ್ರು. ಅವರೇ ಕುರ್ಚಿ ತಂದು ಹಾಕಿ, "ಶರ್ಟಿನ ಗುಂಡಿ ಬಿಚ್ಚಿ ಕೂತ್ಕೊಳ್ಳಿ, ಎದೆ ಮೇಲೆ ಮಲಗಿಸ್ತೀನಿ, ಅಪ್ಪನ ಬಿಸಿ ಅವಳಿಗೆ ಬೇಕು" ಅಂದ್ರು. ಎರಡು ಗುಂಡಿ ಬಿಚ್ಚಿದ್ದೆ. ಆಮೇಲೆ ಬೇಡ ಅಂದೆ. ಒಂದ್ಸಲ ಮೈಗೆ ಮೈ ತಾಗಿದ್ರೆ ನಾನು ಆ ಬಸ್ಸು ಹತ್ತಲ್ಲ ಅಂತ ಗೊತ್ತಿತ್ತು. ಗುಂಡಿ ಹಾಕ್ಕೊಂಡು ಹೊರಗೆ ಬಂದು ನಿಂಗೆ ಸುಳ್ಳು ಹೇಳ್ದೆ. ಅಂಥೋನು ನಿನ್ನೆ ನಿನ್ನನ್ನ ಹೆತ್ತೋಳು ತಾನೇ ಅಂತ ಕೇಳ್ದೆ ನೋಡು.

ಬೈದು ಬರಿ. ಏನಾದ್ರೂ ಬರಿ.

---

ಫೆಬ್ರವರಿ 23
ಕಾಗದ, ನಾಲ್ಕು ಪುಟ

ಬಿಟ್ಟಿದ್ದರಾ?

ಆ ಒಂದು ಮಾತನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. ಕೋಪ ಬಂತು ಎಂದು ಬರೆಯಬೇಕು, ಬಂತು ಕೂಡ. ಆದರೆ ಅದಕ್ಕಿಂತ ಮೊದಲು ಬೇರೆ ಏನೋ ಆಯಿತು. ಹೇಳುತ್ತೇನೆ, ನಡುವೆ ನಿಲ್ಲಿಸಿದರೆ ಮತ್ತೆ ಬರೆಯಲಾರೆ.

ಆಸ್ಪತ್ರೆಯಲ್ಲಿ ಆ ಕೋಣೆಗೆ ಹೋಗುವ ಮುಂಚೆ ಮೊಣಕೈವರೆಗೆ ಸೋಪು ಹಾಕಿ ಮೂರು ನಿಮಿಷ ತೊಳೆಯಬೇಕಿತ್ತು. ಗೋಡೆಯ ಗಡಿಯಾರ ನೋಡಿಕೊಂಡು ತೊಳೆಯುತ್ತಿದ್ದೆ. ಅದು ಎರಡು ನಿಮಿಷ ಮುಂದಿತ್ತು. ಇಡೀ ಆಸ್ಪತ್ರೆಯಲ್ಲಿ ನಾನು ಸರಿಮಾಡಬಲ್ಲದ್ದು ಅದೊಂದೇ ಅನ್ನಿಸುತ್ತಿತ್ತು. ಒಳಗೆ ಹೋದರೆ ಬೋರ್ಡು: ಕೇಳದೆ ಮುಟ್ಟಬೇಡಿ. ನಾನು ಕೇಳುತ್ತಿದ್ದೆ. ಕೆಲವೊಮ್ಮೆ ಹೂಂ ಎನ್ನುತ್ತಿದ್ದರು, ಕೆಲವೊಮ್ಮೆ ಈಗ ಬೇಡ. ನೀನು ಹೊರಗೆ ಬಂದು, ಎದೆಗೆ ಹಾಕಿಕೊಳ್ಳಲು ಬಿಡಲಿಲ್ಲ ಎಂದ ದಿನದಿಂದ ನಾನು ಕೇಳುವುದನ್ನೇ ಬಿಟ್ಟೆ. ದೂರ ಹೋಗುವ ಅಪ್ಪನಿಗೇ ಬಿಡದಿದ್ದರೆ ಇವಳು ಎಷ್ಟು ಬೇಗ ಒಡೆದುಹೋಗುವವಳಿರಬೇಕು ಎಂದುಕೊಂಡೆ. ಅದು ಸುಳ್ಳು ಎಂದು ಗೊತ್ತಾದಾಗ ಮೊದಲು ಅನ್ನಿಸಿದ್ದು, ಹಾಗಾದರೆ ಅವಳು ಅಷ್ಟು ನಾಜೂಕಲ್ಲವೇನೋ ಎಂದು.

ಮನೆಗೆ ಬಂದರೂ ಆ ತೊಳೆಯುವುದು ನಿಲ್ಲಲಿಲ್ಲ. ಅವಳು ಅತ್ತರೆ ನಾನು ಮೊದಲು ಓಡುವುದು ನಲ್ಲಿಯ ಹತ್ತಿರ. ಮೂರು ನಿಮಿಷ. ಉಗುರಿನ ಸಂದು ಬಿಟ್ಟೆನೇನೋ ಅನ್ನಿಸಿದರೆ ಮತ್ತೆ ಮೊದಲಿನಿಂದ. ಅಷ್ಟು ಹೊತ್ತಿಗೆ ಅವಳು ಅತ್ತು ಅತ್ತು ದಣಿದು ಸುಮ್ಮನಾಗಿರುತ್ತಾಳೆ. ತಾನಾಗಿಯೇ ಮಲಗುತ್ತಾಳೆ ಎಂದು ಬರೆದೆನಲ್ಲ, ಅದು ಇದೇ. ಕೈ ಒಡೆದದ್ದು ಚಳಿಗಲ್ಲ.

ನಿನಗೆ ನನ್ನ ಕೆಲಸ ಗೊತ್ತು. ಏಳು ವರ್ಷದಿಂದ ಯಜಮಾನರು ಒಂದೇ ಮಾತು ಹೇಳಿದ್ದಾರೆ, "ಬೆರಳು ತಾಗಿಸಬೇಡಮ್ಮ, ಬೆರಳಲ್ಲಿರೋ ಜಿಡ್ಡಿಗೆ ಚಕ್ರ ತುಕ್ಕು ಹಿಡಿಯುತ್ತೆ, ಚಿಮಟದಲ್ಲಿ ಹಿಡಿ." ಮುಟ್ಟಿದ್ದು ಕೆಡುತ್ತದೆ ಎಂದು ನನ್ನ ಕೈ ಕಲಿತುಬಿಟ್ಟಿದೆ. ಅವಳಿಗೆ ಹಾಲು ಕುಡಿಸುವಾಗಲೂ ಟವೆಲ್ಲಿನಲ್ಲಿ ಸುತ್ತಿ ಹಿಡಿಯುತ್ತೇನೆ.

ನೀನು ಬೆರಳ ತುದಿಯಲ್ಲಿ ಎಂದೆ. ಧೈರ್ಯ ಮಾಡಿ ಟವೆಲ್ ಬಿಚ್ಚಿದೆ. ಬೆರಳು ತಾಗಿಸಿದೊಡನೆ ಬೆಚ್ಚಿದಳು. ಕೈಕಾಲು ಎಳೆದುಕೊಂಡು, ಮುಖ ಆ ಕಡೆ ತಿರುಗಿಸಿ ಕಿರುಚಿದಳು. ಇನ್ನೂ ಹಗುರ ಮಾಡಿದೆ, ಇನ್ನೂ ಜೋರಾಗಿ ಬೆಚ್ಚಿದಳು. ನಾಲ್ಕು ದಿನ ಪ್ರಯತ್ನಪಟ್ಟೆ. ಅವಳಿಗೆ ಹಿಡಿಸಿತು ಎಂದು ಬರೆದದ್ದು ಎರಡನೆಯ ದಿನ.

ಅಕ್ಕ ಬಂದು ತೊಳೆಯದ ಕೈಯಲ್ಲೇ ಎತ್ತಿಕೊಂಡಳು. ದಾರದ ಚೂರು ಅಂಟಿದ ಕೈ. ಅವಳ ಹೆಗಲ ಮೇಲೆ ಸಾಸಿವೆ ಒಂದೂವರೆ ಗಂಟೆ ಮಲಗಿದ್ದಳು. ನಾನು ನೋಡುತ್ತಿದ್ದೆ. ನಾನೇ ಕೇಳಿದೆ, ಕರೆದುಕೊಂಡು ಹೋಗು ಎಂದು. ಅಕ್ಕ ತಾನಾಗಿ ಕೇಳಿದ್ದಲ್ಲ. ಪ್ರೀತಿ ಇಲ್ಲದೆ ಕೇಳಿದೆ ಎಂದು ನಿನಗನ್ನಿಸಿದರೆ ಅನ್ನಿಸಲಿ. ಒಡೆಯದವರ ಕೈಯಲ್ಲಿ ಇರಲಿ ಎಂದು ಕೇಳಿದೆ.

---

ಫೆಬ್ರವರಿ 24
ಧ್ವನಿ ಸಂದೇಶ, ಬೇಕರಿ ಹಿಂದಿನ ಅಂಗಳದಿಂದ

ಕೇಳು. ಅವಳು ಬೆಚ್ಚಿದ್ದು ನಿನ್ನ ಕೈಗಲ್ಲ. ನನ್ನ ಬುದ್ಧಿಗೆ.

ನಿನ್ನ ಕಾಗದ ಓದಿದ್ಮೇಲೆ ಆ ಕ್ಲಿನಿಕ್ಕಿನ ಫೋಟೋ ತೆಗೆದು ನೋಡ್ದೆ. ಮೂರನೇ ಚಿತ್ರದ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿದೆ. ಬೆರಳ ತುದೀಲಿ ಸವರಬೇಡಿ, ಕೂಸಿಗೆ ಕಚಗುಳಿ ಇಟ್ಟಂಗಾಗಿ ಬೆಚ್ಚುತ್ತೆ, ಅದ್ರಲ್ಲೂ ಬೇಗ ಹುಟ್ಟಿದ ಕೂಸು. ಇಡೀ ಅಂಗೈ ಊರಿ, ನಿಧಾನಕ್ಕೆ, ಮೆತ್ತಗೆ ಒತ್ತಿ. ಅವತ್ತೇ ಓದಿದ್ದೆ ಕಣೆ. ಓದಿ, ಒತ್ತಿ ಅನ್ನೋ ಪದಕ್ಕೆ ಹೆದರಿ, ನನ್ನ ಕೈ ನೋಡ್ಕೊಂಡು, ನಂದೇ ಒಂದು ವಿದ್ಯೆ ಕಟ್ಟಿ ನಿಂಗೆ ಕಳಿಸ್ದೆ. ದಿನಾ ಮೂಟೆಗಟ್ಟಲೆ ಹಿಟ್ಟು ಗುದ್ದೋ ಕೈ ನಂದು. ನನ್ನ ಕೈಯ ಭಯ ತಗೊಂಡು ನಿನ್ನ ಕೈಗೆ ಹಾಕ್ದೆ.

ಇನ್ನು ನನ್ನ ಮಾತು ಕೇಳ್ಬೇಡ. ಚಿತ್ರಾನೂ ನಂಬಬೇಡ. ಆರೋಗ್ಯ ಕೇಂದ್ರದ ನರ್ಸಮ್ಮನ ಹತ್ರ ಹೋಗಿ, ನಂಗೆ ಬರೆದಿದ್ದನ್ನೆಲ್ಲ ಅವರಿಗೂ ಹೇಳು. ನಲ್ಲಿ ವಿಷಯಾನೂ. ಇಪ್ಪತ್ತೆಂಟನೇ ತಾರೀಕು ತೂಕಕ್ಕೆ ಹೋಗ್ಬೇಕಲ್ಲ, ಅವತ್ತೇ ಕೇಳು. ಆಮೇಲೂ ಅಕ್ಕನ ಜೊತೆ ಕಳಿಸ್ಬೇಕು ಅನ್ನಿಸಿದ್ರೆ ಕಳಿಸು. ನಾನು ಒಂದು ಮಾತೂ ಆಡಲ್ಲ. ನಿಜವಾಗ್ಲೂ ಆಡಲ್ಲ. ಆಡಿದ್ರೆ ಮೇಸ್ತ್ರಿಗೆ ಹೇಳಿ ಬಾಯಿಗೆ ಹಿಟ್ಟು ತುಂಬಿಸ್ಕೋತೀನಿ.

ರಜೆ ಕೇಳಿದೀನಿ. ಮೂರನೇ ಸಲ. ಹಿಂದಿನ ಎರಡು ಸಲ ಇಲ್ಲ ಅಂದಿದ್ರು, ನಿಂಗೆ ಹೇಳಿರ್ಲಿಲ್ಲ.

---

ಮಾರ್ಚ್ 1
ಕಾಗದ

ಈ ಕಾಗದದ ಮೂಲೆಯಲ್ಲಿ ಎಣ್ಣೆ ಕಲೆ ಇದೆ. ಬದಲಾಯಿಸಲು ಹೋಗಲಿಲ್ಲ.

ನಿನ್ನೆ ಹೋಗಿದ್ದೆ. ಅಕ್ಕ ಒಂದು ದಿನ ಮುಂಚೆಯೇ ಖಾಲಿ ಚೀಲ ಹಿಡಿದು ಬಂದಿದ್ದಳು, ಅವಳೂ ಜೊತೆಗೆ ಬಂದಳು. ಬಾಯಲ್ಲಿ ಹೇಳುವ ಬದಲು ನಿನಗೆ ಬರೆದ ನಾಲ್ಕು ಪುಟವನ್ನೇ ಅವರ ಮುಂದಿಟ್ಟೆ. ನರ್ಸಮ್ಮ ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು. ಓದಿ, "ಇಂಥೋರು ನನ್ನ ಹತ್ರ ತಿಂಗಳಿಗೆ ಮೂರು ಜನ ಬರ್ತಾರೆ, ನಾಲ್ಕು ಪುಟ ಬರ್ಕೊಂಡು ಬಂದೋರು ನೀವೇ ಮೊದಲು" ಎಂದರು. ಹೆರಿಗೆಯಾದ ಮೇಲೆ ಹೀಗೆ ಭಯ ಹಿಡಿಯುವುದಕ್ಕೂ ಡಾಕ್ಟರು ಇದ್ದಾರಂತೆ. ಮಂಗಳವಾರ ಹೋಗಬೇಕು.

ಆಮೇಲೆ ಕೋಣೆ ಬೆಚ್ಚಗೆ ಮಾಡಿ, ಚಾಪೆ ಹಾಸಿ, ಸಾಸಿವೆಯ ಬಟ್ಟೆ ತೆಗೆದರು. ನಾನು ತಕ್ಷಣ ನಲ್ಲಿಯ ಕಡೆ ತಿರುಗಿದೆ. "ಒಂದ್ಸಲ ತೊಳೀರಿ, ಮಾಮೂಲಿ ತೊಳೆದಂಗೆ. ನಾನು ನೋಡ್ತಿರ್ತೀನಿ, ಎರಡನೇ ಸಲ ಹೋದ್ರೆ ನಲ್ಲಿ ಕಟ್ಟಿಸ್ತೀನಿ" ಎಂದರು. ಬಂದು ಕೂತು, ಅಭ್ಯಾಸಬಲದಿಂದ ಅವರನ್ನೇ ಕೇಳಿದೆ, ಮುಟ್ಟಬಹುದಾ?

"ನನ್ನ ಯಾಕೆ ಕೇಳ್ತೀರಿ? ಮೈ ಯಾರದೋ ಅವರನ್ನ ಕೇಳಿ" ಎಂದರು.

ತಮಾಷೆ ಎಂದುಕೊಂಡೆ. ಅಲ್ಲ. ಹಾಗೇ ಮಾಡಬೇಕಂತೆ. ಅಂಗೈಗೆ ಎಣ್ಣೆ ಹಾಕಿಕೊಂಡು, ಕೂಸಿನ ಕಿವಿಯ ಹತ್ತಿರ ಎರಡೂ ಕೈ ಉಜ್ಜಿ ಸದ್ದು ಮಾಡಬೇಕು. ಆಮೇಲೆ ಅಂಗೈ ತೋರಿಸಿ, ನೀವಲಾ ಎಂದು ಬಾಯಿಬಿಟ್ಟು ಕೇಳಬೇಕು. ಮುಖ ತಿರುಗಿಸಿದರೆ, ಬೆನ್ನು ಬಿಲ್ಲಾಗಿಸಿದರೆ ಬೇಡ ಎಂದರ್ಥ, ಆಗ ಬಿಡಬೇಕು. ಹಾಲು ಕುಡಿದ ತಕ್ಷಣ ಕೇಳಲೇಬಾರದು. ಕಣ್ಣು ನಮ್ಮ ಮೇಲೆ ನಿಂತರೆ ಹೂಂ ಎಂದರ್ಥ.

ನಾಲ್ಕು ತಿಂಗಳು ನಾನು ಅಪ್ಪಣೆ ಕೇಳುತ್ತಲೇ ಇದ್ದೆ. ಅವಳೊಬ್ಬಳನ್ನು ಬಿಟ್ಟು ಎಲ್ಲರನ್ನೂ ಕೇಳಿದ್ದೆ.

ಕೈ ಉಜ್ಜಿದೆ. ಒಡೆದ ಚರ್ಮ, ಸದ್ದು ಜೋರಾಗಿಯೇ ಬಂತು. ತಿರುಗಿ ನೋಡಿದಳು. ಕೇಳಿದೆ. ನೋಡುತ್ತಲೇ ಇದ್ದಳು. ತೊಡೆಯಿಂದ ಶುರುಮಾಡಿ, ಇಡೀ ಅಂಗೈ ಊರಿ, ಪಾದದವರೆಗೆ ಎಳೆದೆ. ಬೆಚ್ಚಲಿಲ್ಲ. ಎರಡನೆಯ ಸಲ ಎಳೆದಾಗ ಕಾಲನ್ನು ನನ್ನ ಕೈಯಲ್ಲೇ ಸಡಿಲ ಬಿಟ್ಟಳು. ಭಾರ ಇತ್ತು ಆ ಕಾಲಿಗೆ. ಇಷ್ಟು ದಿನ ಅವಳ ತೂಕವನ್ನು ತಕ್ಕಡಿಯಲ್ಲಿ ನೋಡಿದ್ದೆ, ಕೈಯಲ್ಲಿ ನೋಡಿರಲಿಲ್ಲ. ಹೊಟ್ಟೆ ಸುತ್ತ ನೀವುವಾಗ ಒಂದು ದೊಡ್ಡ ಹೂಸು ಬಿಟ್ಟಳು, ಅಕ್ಕ "ಅಪ್ಪನ ಮಗಳೇ" ಎಂದಳು. ಮೂವರೂ ನಕ್ಕೆವು. ನಾನು ನಗುತ್ತಾ ಅತ್ತೆ. ಕೈ ಮಾತ್ರ ತೆಗೆಯಲಿಲ್ಲ.

ಎಲ್ಲ ಸರಿಹೋಯಿತು ಎಂದುಕೊಳ್ಳಬೇಡ. ಇವತ್ತು ಬೆಳಗ್ಗೆ ಮತ್ತೆ ಮೂರು ನಿಮಿಷ ತೊಳೆದೆ. ಮಧ್ಯಾಹ್ನ ಒಂದು ನಿಮಿಷ.

ಅಕ್ಕ ಸಂಜೆ ಬಸ್ಸಿಗೆ ಹೊರಟಳು. ಬಾಗಿಲ ಹತ್ತಿರ ನಿಂತು ನನ್ನ ಮುಖ ನೋಡಿದಳು, ನಾನು ಇಲ್ಲ ಎಂದು ತಲೆ ಆಡಿಸಿದೆ. ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು, "ತೊಟ್ಟಿಲ ಬಟ್ಟೆ ಹೊಲಿದಿದ್ದು ದಂಡ ಆಯ್ತಲ್ಲೇ, ನನ್ನ ಕೂಲಿ ಯಾರು ಕೊಡ್ತಾರೆ?" ಎಂದಳು. ಕಣ್ಣು ಮಾತ್ರ ಬೇರೆ ಏನೋ ಹೇಳುತ್ತಿತ್ತು. ಅವಳಿಗೂ ಆಸೆ ಇತ್ತು ಎಂದು ಆಗ ಗೊತ್ತಾಯಿತು. ಆ ಬಟ್ಟೆಯನ್ನು ಕಳಿಸು ಎಂದಿದ್ದೇನೆ. ನೀನು ಅವಳಿಗೊಂದು ಫೋನು ಮಾಡು.

ನಿನ್ನ ಎರಡು ಗುಂಡಿಯ ವಿಷಯ ಇನ್ನೂ ಮರೆತಿಲ್ಲ. ಬಂದಾಗ ಮಾತಾಡೋಣ.

---

ಮಾರ್ಚ್ 8
ಧ್ವನಿ ಸಂದೇಶ

ನೂರ ಎಂಬತ್ತು ಗ್ರಾಂ. ಒಂದೇ ವಾರದಲ್ಲಿ ಮೂರು ಬನ್ನು. ನರ್ಸಮ್ಮ ಬರೀ ಎಣ್ಣೆಯಿಂದ ಅಲ್ಲ ಅಂದ್ರಾ, ಎಚ್ಚರ ಇದ್ದಾಗ ಹಾಲು ಚೆನ್ನಾಗಿ ಕುಡೀತಿದಾಳೆ ಅದಕ್ಕೆ ಅಂದ್ರಾ? ಯಾವುದರಿಂದಾದ್ರೂ ಆಗ್ಲಿ. ಮೇಸ್ತ್ರಿಗೆ ಬನ್ನಿನ ಲೆಕ್ಕ ಹೇಳ್ದೆ. ನನ್ನ ರಜೆ ಅರ್ಜಿ ತಗೊಂಡು ಮೇಲಿನ ಆಫೀಸಿಗೆ ಹೋದ. ಅಕ್ಕಂಗೂ ಫೋನ್ ಮಾಡ್ದೆ. ಈ ಸಲ ಮಿಷನ್ ನಿಲ್ಲಿಸಿ ಮಾತಾಡಿದ್ಲು.

---

ಮಾರ್ಚ್ 27
ಧ್ವನಿ ಸಂದೇಶ, ಮಧ್ಯಾಹ್ನ

ಮೆತ್ತಗೆ ಮಾತಾಡ್ತಿದೀನಿ, ಸದ್ದು ಜಾಸ್ತಿ ಮಾಡ್ಕೊಂಡು ಕೇಳು.

ನಾಳೆ ಬರ್ತೀನಿ ಅಂದಿದ್ದೆ. ಮುಂಚಿನ ಬಸ್ಸೇ ಸಿಕ್ತು. ನಿಮ್ಮ ಬಾಗಿಲ ಹೊರಗೆ ನಿಂತಿದೀನಿ, ಹತ್ತು ನಿಮಿಷ ಆಯ್ತು. ನಮ್ಮ ಬಾಗಿಲು ಅನ್ಬೇಕಿತ್ತು, ಬಾಯಿಗೆ ಬರ್ಲಿಲ್ಲ. ಒಳಗೆ ನೀನು ಏನೋ ಹೇಳ್ತಿರೋದು ಕೇಳಿಸ್ತಿದೆ, ಅವಳು ಅದಕ್ಕೆ ಊಂ ಊಂ ಅಂತಿದಾಳೆ. ಎಣ್ಣೆ ವಾಸನೆ ಇಲ್ಲೀವರೆಗೂ ಬರ್ತಿದೆ.

ಬಸ್ ಸ್ಟಾಂಡ್ ನಲ್ಲೀಲಿ ಕೈ ತೊಳೆದೆ, ಒಂದೇ ಸಲ. ಶರ್ಟಿನ ಮೇಲಿನ ಎರಡು ಗುಂಡಿ ಬಿಚ್ಚಿದೀನಿ. ಮೆಟ್ಟಿಲು ಹತ್ತುತ್ತಾ ಇದ್ದ ಮೇಲಿನ ಮನೆಯವರು ಒಂಥರಾ ನೋಡ್ಕೊಂಡು ಹೋದ್ರು.

ಆರು ದಿನ ರಜೆ. ಏಳನೇ ದಿನ ಮತ್ತೆ ಅದೇ ಬಸ್ಸು, ಗೊತ್ತು. ಈ ಸಲ ಬಸ್ಸು ಹತ್ತೋಕೆ ಆಗ್ದೇ ಇದ್ರೆ ಆಗ್ಲಿ, ಆಮೇಲೆ ನೋಡ್ಕೊಳ್ಳೋಣ.

ಬಾಗಿಲು ತೆಗೀಬೇಡ, ಒಂದ್ನಿಮಿಷ ಇರು. ಮುಖ ತಿರುಗಿಸಿದ್ರೆ ಏನ್ಮಾಡ್ಲಿ ಅಂತ ಯೋಚಿಸ್ತಿದೀನಿ. ಕಾಯ್ತೀನಿ, ಅಲ್ವಾ? ಅಷ್ಟೇ ತಾನೇ ಮಾಡೋದು?

ಫೋನ್ ಜೇಬಿಗೆ ಹಾಕ್ತಿದೀನಿ. ಎರಡೂ ಕೈ ಬೇಕು. ಬಾಗಿಲ ಸಂದಿ ಹತ್ರ ಅಂಗೈ ಉಜ್ಜುತ್ತೀನಿ, ಅವಳಿಗೆ ಕೇಳಿಸ್ತಾ ನೋಡು.